ರಿಜಿಸ್ಟರ್‌ನಲ್ಲಿದ್ದ ‘ಮಿಲ್’

ಅಪ್ಪ ಓದಿದ್ದು ಕೆಜಿಎಫ್ ಪಕ್ಕದ ಹಳ್ಳಿ ಶಾಲೆಯಲ್ಲಿ. ನಾನು ಬೆಳೆದಿದ್ದು ಡೊಂಬಿವಲಿಯಲ್ಲಿ. ಇಲ್ಲಿ ಕನ್ನಡದವಳು ಅಂದರೆ ‘ಉಡುಪಿನಾ, ಮಂಗಳೂರಾ?’ ಅಂತ ಕೇಳುತ್ತಾರೆ. ಕೋಲಾರ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಆ ಶಾಲೆಯ ಕಥೆ ಬರೆಯಲು ಹೊರಟೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ಮಾರಿಕುಪ್ಪಂ ರೈಲು. ಹೆಡ್‌ಮಿಸ್ ಬೀರು ತೆಗೆದು ದಾಖಲಾತಿ ರಿಜಿಸ್ಟರ್‌ಗಳನ್ನು ಮುಂದಿಟ್ಟರು. ಅವಸರದಲ್ಲಿ ಪುಟ ಸಂಖ್ಯೆ ಬಿಟ್ಟು ಫೋಟೊ ತೆಗೆದುಕೊಂಡು ಬಂದೆ. ಮನೆಯಲ್ಲಿ ಯಾವುದು ಹಿಂದೆ, ಯಾವುದು ಮುಂದೆ ಗೊತ್ತಾಗಲಿಲ್ಲ. ಮತ್ತೆ ಹೋಗಬೇಕಾಯಿತು. ಟಿಕೆಟ್ ದುಡ್ಡು ದಂಡ!

‘ತಂದೆಯ ಉದ್ಯೋಗ’ ಕಾಲಂ ಓದುತ್ತಾ ಕೂತರೆ ಊರೇ ಕಣ್ಣ ಮುಂದೆ ಬರುತ್ತದೆ. ಬೇಸಾಯ, ಗಣಿ, ಬೇಸಾಯ, ಮಿಲ್. ಮುಂಬಯಿಯವಳಲ್ವಾ, ಮಿಲ್ ಅಂದರೆ ನನಗೆ ಪರೇಲಿನ ಬಟ್ಟೆ ಗಿರಣಿ. ಹಾಗೇ ಬರೆದೂಬಿಟ್ಟೆ. ಆ ಶಾಲೆಯಲ್ಲಿ ಕಲಿಸಿದ್ದ ಮೇಷ್ಟ್ರೊಬ್ಬರು ಈಗ ಮುಲುಂಡ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಓದಿ ಜೋರಾಗಿ ನಕ್ಕರು. “ಏನಮ್ಮಾ, ಅಲ್ಲೆಲ್ಲಿ ಬಟ್ಟೆ ಮಿಲ್ಲು? ಕಲ್ಲು ಅರೆಯೋ ಮಿಲ್ಲು!” ಅದಿರನ್ನು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸುತ್ತಿದ್ದರಂತೆ. ಉಳಿದ ಮಣ್ಣು ಸುರಿದದ್ದೇ ಈಗಿನ ಸೈನೈಡ್ ದಿಬ್ಬ. ಗಾಳಿ ಎದ್ದರೆ ಆ ಬಿಳಿ ಪುಡಿ ಮಕ್ಕಳ ಸ್ಲೇಟಿನ ಮೇಲೂ ಕೂರುತ್ತಿತ್ತಂತೆ.

ಹಿರಿಯರ ಹತ್ತಿರ ಇಸವಿ ಕೇಳಿ ಪ್ರಯೋಜನ ಇಲ್ಲ ಅಂತ ಬೇಗ ಗೊತ್ತಾಯಿತು. “ಆಗ ಗಣಿ ಯಾರ ಕೈಯಲ್ಲಿತ್ತು?” ಅಂತ ಕೇಳಬೇಕು. ಜಾನ್ ಟೇಲರ್ ಕಂಪನಿ ಅಂದರೆ 1956ಕ್ಕೆ ಮುಂಚೆ. ಮೈಸೂರು ಸರ್ಕಾರ ಅಂದರೆ 1962ರ ಒಳಗೆ. ಆಮೇಲೆ ಕೇಂದ್ರ ಸರ್ಕಾರ. ಹಳೇ ಪುಟಗಳಲ್ಲಿ ಬಂಗಾರಪೇಟೆ ಇನ್ನೂ ‘ಬೌರಿಂಗ್‌ಪೇಟೆ’.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲಿನ ಪುಟಗಳಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ‘ಶಾಲೆ ಬಿಟ್ಟ ಕಾರಣ’. ಬೆಂಗಳೂರು, ಬೆಂಗಳೂರು, ಕೆಳಗೆ ಬರೀ ‘ಮೇಲಿನಂತೆ’ ಅನ್ನೋ ಚಿಹ್ನೆಗಳು.

ಅಪ್ಪನಿಗೆ ಅವರದೇ ಸಾಲು ತೋರಿಸಿದೆ. ಹುಟ್ಟಿದ ದಿನ ಜೂನ್ 1. ತಾತನ ಉದ್ಯೋಗ ಮಿಲ್. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

“ಮಿಲ್ ಸರಿ. ಜೂನ್ ಒಂದು ಮಾತ್ರ ಮೇಷ್ಟ್ರು ಹಾಕ್ಕೊಂಡಿದ್ದು. ನಾನು ಹುಟ್ಟಿದ್ದು ಸಂಕ್ರಾಂತಿ ಮಾರನೇ ದಿನ.”