ಗೂಢ ಪದಬಂಧ: ಸುಳಿವು ಕಟ್ಟುವುದು, ಬಿಡಿಸುವುದು, ಗುಂಪಾಗಿ ಆಡುವುದು

‘ಸೀತೆಯ ತಂದೆ (3)’ ಎಂದಿದ್ದರೆ (ಕಂಸದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ) ಯಾರಾದರೂ ಜನಕ ಎಂದು ತುಂಬಿ ಮುಂದೆ ಹೋಗುತ್ತಾರೆ. ಅದೇ ಪದಕ್ಕೆ ‘ಧಾನ್ಯ ತುಂಬಿಟ್ಟಿದ್ದನ್ನು ಮಗುಚಿದರೆ ಸೀತೆಯ ತಂದೆ (3)’ ಎಂದು ಬರೆದರೆ ಆಟವೇ ಬೇರೆ. ಧಾನ್ಯ ತುಂಬಿಡುವುದು ಕನಜ. ಹಿಂದಿನಿಂದ ಓದಿದರೆ ಜನಕ. ಗೂಢ ಸುಳಿವಿನಲ್ಲಿ ಉತ್ತರಕ್ಕೆ ಎರಡು ದಾರಿ: ಒಂದು ಅರ್ಥದ್ದು, ಇನ್ನೊಂದು ಅಕ್ಷರದ್ದು. ಎರಡೂ ಒಂದೇ ಕಡೆ ಬಂದು ಸೇರಿದರೆ ಉತ್ತರ ಸರಿಯೇ ಎಂದು ಯಾರನ್ನೂ ಕೇಳಬೇಕಿಲ್ಲ.

1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಪದಬಂಧದಲ್ಲಿ ಅರ್ಥದ ದಾರಿ ಮುಖ್ಯವಾಗಿತ್ತು. ಅಕ್ಷರದಾಟ ಬೆಳೆದದ್ದು 1920ರ ದಶಕದಿಂದೀಚೆ, ಇಂಗ್ಲೆಂಡಿನಲ್ಲಿ. ಶ್ಲೇಷೆ, ಒಗಟು, ಮುಂಡಿಗೆಗಳಲ್ಲಿ (ಒಗಟಿನಂಥ ಗೂಢಾರ್ಥದ ಪದ್ಯಗಳಲ್ಲಿ) ಬೆಳೆದ ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಇಂಗ್ಲಿಷ್ ನಿಯಮಗಳನ್ನು ಹಾಗೇ ತಂದರೆ ಆಗದು. ನಮ್ಮ ಲಿಪಿಗೆ ಅದರದೇ ಲೆಕ್ಕವಿದೆ.

ಮೊದಲು ಆ ಲೆಕ್ಕ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು ಅಕ್ಷರ, ಒಂದು ಚೌಕ. ‘ಸಂಬಂಧ’ ಮೂರು ಚೌಕ, ‘ಸಾಮರ್ಥ್ಯ’ವೂ ಮೂರೇ. ‘ಬಸ್’ ಥರದ ಅರೆಯಕ್ಷರ ಬೇಡ, ‘ಬಸ್ಸು’ ಎಂದೇ ಇರಲಿ. ಅಕ್ಷರ ಹಿಂದುಮುಂದು ಮಾಡುವಾಗ ಸ್ವರಚಿಹ್ನೆ ತನ್ನ ಅಕ್ಷರದ ಜೊತೆಗೇ ಹೋಗುತ್ತದೆ. ‘ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ಗಂಟೆ (2)’: ನದಿ ತಿರುಗಿ ದಿನ. ಇದನ್ನು ಮೊದಲೇ ಎಲ್ಲರೂ ಒಪ್ಪಿಕೊಳ್ಳದಿದ್ದರೆ ಆಟ ಅರ್ಧದಲ್ಲೇ ವಾದಕ್ಕೆ ತಿರುಗುತ್ತದೆ.

ಸುಳಿವು ಕಟ್ಟುವ ಬಗೆಗಳು

ಹೊಸಬರು ‘ಅಡಗಿದ ಪದ’ದಿಂದ ಶುರು ಮಾಡಲಿ. ‘ಲೇಖಕ ಮಲಗಿದರೂ ಒಳಗೆ ಅರಳಿದ ಹೂ (3)’. ಲೇಖ‘ಕ ಮಲ’ಗಿದರೂ, ಅಲ್ಲೇ ಕಮಲವಿದೆ. ಉತ್ತರವನ್ನು ಎರಡು ತುಂಡು ಮಾಡಿ, ಮೊದಲ ತುಂಡಿನಲ್ಲಿ ಮುಗಿಯುವ ಪದವೊಂದನ್ನೂ ಎರಡನೆಯದರಿಂದ ಶುರುವಾಗುವ ಪದವೊಂದನ್ನೂ ಹುಡುಕಿದರೆ ಸುಳಿವು ಸಿದ್ಧ.

ಎರಡರ್ಥದ ಸುಳಿವು ಚಿಕ್ಕದಾದಷ್ಟೂ ಚೆಂದ. ‘ಒಂಬತ್ತಾದ ಮೇಲೆ ಏರು (2)’ ಎಂದರೆ ಹತ್ತು. ಅರಸು, ನೆರೆ, ತುಂಬಿ, ಮುತ್ತು, ಕಾಲು ಇಂಥವು ಇದಕ್ಕೆ ಹೇಳಿ ಮಾಡಿಸಿದ ಪದಗಳು. ಎರಡು ಅರ್ಥಗಳೂ ಒಂದೇ ಮೂಲದ್ದಾದರೆ ಮಜಾ ಇಲ್ಲ; ದೂರದೂರದ್ದಾಗಿರಬೇಕು.

ಜೋಡಣೆ: ‘ಪಾತಿ ದಾಟಿ ಓಣಿಗೆ ಬಂದರೆ ಕೊಡಗಿನ ಪಟ್ಟಣ (4)’. ಸೊಪ್ಪಿನ ಪಾತಿಗೆ ಮಡಿ ಎನ್ನುತ್ತಾರೆ, ಓಣಿಗೆ ಕೇರಿ, ಮಡಿಕೇರಿ. ಕತ್ತರಿಸುವುದು: ‘ಕಾಳಗದಲ್ಲಿ ತಲೆ ಹೋದರೆ ಉಳಿಯುವುದು ವೃಕ್ಷ (2)’. ಸಮರದ ಮೊದಲಕ್ಷರ ತೆಗೆದರೆ ಮರ.

ಒಂದೇ ಉತ್ತರಕ್ಕೆ ಎಷ್ಟು ದಾರಿ ಇರಬಹುದೆನ್ನುವುದಕ್ಕೆ ‘ಹಗರಣ’ ಒಳ್ಳೆಯ ಉದಾಹರಣೆ. ‘ಹರ ಗಣ ದಿಕ್ಕೆಟ್ಟಾಗ ಭಾರೀ ಅವ್ಯವಹಾರ (4)’: ಇಲ್ಲಿ ನಾಲ್ಕು ಅಕ್ಷರಗಳನ್ನು ಕದಡಿದ್ದೇವೆ. ‘ದುಡ್ಡಿನ ನಡುವೆ ಗರ ಹೊಕ್ಕಾಗ ಭಾರೀ ಅವ್ಯವಹಾರ (4)’: ಇಲ್ಲಿ ಹಣದ ಮಧ್ಯೆ ಗರವನ್ನು ತೂರಿಸಿದ್ದೇವೆ. ಎರಡನೆಯದೇ ಮೇಲು, ಏಕೆಂದರೆ ಓದಿದವರಿಗೆ ಅದೊಂದು ಸಹಜ ಮಾತಿನಂತೆ ಕೇಳಿಸುತ್ತದೆ.

ಕದಡುವುದಕ್ಕೆ ಚೆಲ್ಲಾಪಿಲ್ಲಿ, ಅಡ್ಡಾದಿಡ್ಡಿ, ಹದಗೆಟ್ಟ, ಕಂಗೆಟ್ಟ; ತಿರುಗಿಸುವುದಕ್ಕೆ ಹಿಂದಕ್ಕೆ, ಮಗುಚಿ, ಉಲ್ಟಾ; ಅಡಗಿಸುವುದಕ್ಕೆ ಒಳಗೆ, ಬಚ್ಚಿಟ್ಟ, ಹೊಟ್ಟೆಯಲ್ಲಿ. ಇಂಥ ಸೂಚಕ ಪದಗಳ ಪಟ್ಟಿಯನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬೆಳೆಸುತ್ತಾ ಹೋಗಿ. ಕದಡುವ ಅಕ್ಷರಗಳು ಮಾತ್ರ ಸುಳಿವಿನಲ್ಲಿ ಕಣ್ಣಿಗೆ ಕಾಣುವಂತೆಯೇ ಇರಬೇಕು. ಸಮಾನಾರ್ಥಕ ಊಹಿಸಿ, ಆಮೇಲೆ ಅದನ್ನು ಕದಡಿ ಎಂದರೆ ಬಿಡಿಸುವವರಿಗೆ ಹಿಡಿತವೇ ಸಿಗದು.

ಎಲ್ಲಿ ಕೆಡುತ್ತದೆ

ಕನ್ನಡದಲ್ಲಿ ಸುಳಿವು ಕೆಡಿಸುವ ಮೊದಲ ಶತ್ರು ವಿಭಕ್ತಿ ಪ್ರತ್ಯಯ. ‘ಹರನ ಗಣಗಳು ದಿಕ್ಕೆಟ್ಟಾಗ’ ಎಂದು ಬರೆದರೆ ವಾಕ್ಯ ಚೆಂದವಾಯಿತು, ಆದರೆ ಕದಡಲು ಏಳು ಅಕ್ಷರ ಬಂತು. ಉತ್ತರಕ್ಕೆ ಬೇಕಾದದ್ದು ನಾಲ್ಕು. ಹಾಗಾಗಿ ಈ ನಿಯಮ ಇಟ್ಟುಕೊಳ್ಳಿ: ಅಕ್ಷರ ಒದಗಿಸುವ ಪದಕ್ಕೆ ಪ್ರತ್ಯಯ ಅಂಟಿಸಬಾರದು. ಅರ್ಥ ಮಾತ್ರ ಒದಗಿಸುವ ಪದಕ್ಕೆ (ಮೇಲಿನ ‘ದುಡ್ಡಿನ’, ‘ಓಣಿಗೆ’) ಅಂಟಿಸಬಹುದು. ಉತ್ತರದ ಅರ್ಥ ಹೇಳುವ ಭಾಗ ಸುಳಿವಿನ ಆರಂಭದಲ್ಲೋ ಕೊನೆಯಲ್ಲೋ ಇರಲಿ, ಉತ್ತರದ ರೂಪದಲ್ಲೇ ಇರಲಿ: ನಾಮಪದಕ್ಕೆ ನಾಮಪದ, ‘ಏರು’ವಿಗೆ ‘ಹತ್ತು’, ‘ಏರಿದ’ಕ್ಕೆ ‘ಹತ್ತಿದ’.

ಎರಡನೆಯದು, ಸೂಚಕ ಪದ ನಟ್ಟನಡುವೆ ಕೂತು ಎರಡು ಕಡೆಗೂ ಹೊಂದುವುದು. ‘ಧಾನ್ಯದ ಮನೆ ಉಲ್ಟಾ ಸೀತೆಯ ತಂದೆ’ ಎಂದರೆ ಉತ್ತರ ಜನಕವೋ ಕನಜವೋ? ನಡುವಿನ ಚೌಕದ ‘ನ’ ಅಡ್ಡಪದದಿಂದ ಸಿಕ್ಕರೂ ಇದು ಬಗೆಹರಿಯದು, ಎರಡರಲ್ಲೂ ಅದೇ ಅಕ್ಷರ. ‘ಮಗುಚಿದರೆ’ ಎಂದು ಕ್ರಿಯಾಪದ ಬಳಸಿದರೆ ಯಾವುದನ್ನು ಮಗುಚಬೇಕೆಂಬುದು ಸ್ಪಷ್ಟ.

ಪ್ರಾದೇಶಿಕ ಪದಗಳನ್ನು ಬಿಡಬೇಡಿ, ಅವು ಆಟದ ಸೊಗಸು. ಗುಂಪಿನ ಅರ್ಧದಷ್ಟು ಜನಕ್ಕೆ ಗೊತ್ತಿರದ ಪದವಾದರೆ ‘ಧಾರವಾಡದವರ’, ‘ಕರಾವಳಿಯ’ ಎಂಬ ಸೂಚನೆ ಸುಳಿವಿನೊಳಗೇ ಬರಲಿ. ಜಗಳ ಬಗೆಹರಿಸಲು ಒಂದೇ ನಿಘಂಟು ಸಾಕು. ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಅನುಕೂಲ.

ಆಟ

ಆರು ಜನ, ಮೂವರಂತೆ ಎರಡು ತಂಡ. ಒಂದು ತಂಡದಲ್ಲಿ ನಾಲ್ವರಿಗಿಂತ ಹೆಚ್ಚಾದರೆ ಇಬ್ಬರು ಬರೆಯುತ್ತಾರೆ, ಉಳಿದವರು ಸುಮ್ಮನೆ ಕೂರುತ್ತಾರೆ. ಪ್ರತಿ ತಂಡವೂ ಮೂರರಿಂದ ಐದು ಅಕ್ಷರದ ನಾಲ್ಕು ಪದ ಆರಿಸಿ, 15 ನಿಮಿಷದಲ್ಲಿ ಸುಳಿವು ಬರೆಯಲಿ. ನಾಲ್ಕರಲ್ಲಿ ಎರಡಕ್ಕಿಂತ ಹೆಚ್ಚು ಒಂದೇ ಬಗೆಯದಾಗಬಾರದು. ಆಮೇಲೆ ಚೀಟಿ ಬದಲಿಸಿಕೊಂಡು, ಒಂದೊಂದಕ್ಕೆ ಮೂರು ನಿಮಿಷ.

ಉತ್ತರ ಹೇಳಿ, ಪ್ರತಿ ಪದದ ಕೆಲಸವನ್ನೂ ಬಿಡಿಸಿ ತೋರಿಸಿದರೆ 2 ಅಂಕ. ಬರೀ ಉತ್ತರಕ್ಕೆ 1. ಬರೆದವರಿಗೆ ಅಂಕ ಸಿಗುವುದು ಎದುರಾಳಿ ಬಿಡಿಸಿದಾಗ ಮಾತ್ರ: ಮೊದಲ ಅರ್ಧ ನಿಮಿಷದಲ್ಲೇ ಬಿಡಿಸಿದರೆ 1, ಆಮೇಲೆ ಬಿಡಿಸಿದರೆ 2, ಬಿಡಿಸಲಾಗದಿದ್ದರೆ ಸೊನ್ನೆ. ಈ ಕೊನೆಯ ಸೊನ್ನೆಯನ್ನು ಸಡಿಲಿಸಬೇಡಿ. ಬಿಡಿಸಲಾರದ ಸುಳಿವಿಗೆ ಬಹುಮಾನ ಕೊಟ್ಟರೆ ಎರಡನೇ ಸುತ್ತಿಗೇ ಎಲ್ಲರೂ ಅರ್ಥವಾಗದ್ದನ್ನು ಬರೆಯಲು ತೊಡಗುತ್ತಾರೆ.

ಬಿಡಿಸುವವರು ಮೊದಲು ಸುಳಿವಿನ ಕಥೆಯನ್ನು ಮರೆಯಬೇಕು. ದುಡ್ಡು, ಗರ ಎಂದಾಗ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬಲೆ. ಎರಡು ತುದಿಯ ಪದಗಳನ್ನು ನೋಡಿ, ಯಾವುದು ಅರ್ಥ ಇರಬಹುದೆಂದು ಊಹಿಸಿ. ಸೂಚಕ ಪದಕ್ಕೆ ಗೆರೆ ಎಳೆಯಿರಿ. ಅದರ ಪಕ್ಕದ ಅಕ್ಷರಗಳನ್ನು ಎಣಿಸಿ. ಕಂಸದ ಸಂಖ್ಯೆಗೆ ಸರಿಹೊಂದಿದರೆ ಕದಡಿದ್ದು ಇರಬಹುದು. ಆಗ ಆ ಅಕ್ಷರಗಳನ್ನು ಸಾಲಾಗಿ ಬರೆಯದೆ ವೃತ್ತಾಕಾರದಲ್ಲಿ ಬರೆಯಿರಿ. ಹಳೆಯ ಪದದ ಹಿಡಿತ ಕಣ್ಣಿಗೆ ತಪ್ಪುತ್ತದೆ.

ಕೈ ಪಳಗಿದ ಮೇಲೆ ಸುಳಿವುಗಳನ್ನು 7×7 ಚೌಕದ ಬಂಧಕ್ಕೆ ಕೂರಿಸಬಹುದು. ಇಲ್ಲಿ ಲಿಪಿ ಮತ್ತೆ ಅಡ್ಡ ಬರುತ್ತದೆ: ‘ಕಾ’ ಇರುವಲ್ಲಿ ‘ಕ’ ಹೊಂದದು. ಅಡ್ಡಪದವೂ ಉದ್ದಪದವೂ ಸಂಧಿಸುವ ಚೌಕದಲ್ಲಿ ಕ, ರ, ನ, ಮ, ಲ, ವ ಬರುವಂತೆ ನೋಡಿಕೊಳ್ಳಿ. ತ್ತು, ಳ್ಳಿಯಂಥ ಒತ್ತಕ್ಷರ ಸಂಧಿ ಇಲ್ಲದ ಚೌಕದಲ್ಲಿರಲಿ. ಳು, ಣುಗಳಿಂದ ಕನ್ನಡದಲ್ಲಿ ಪದ ಶುರುವಾಗದು, ಲು ಕೂಡ ಅಪರೂಪ. ಅಂಥ ಕೊನೆಯಕ್ಷರದಿಂದ ಕೆಳಕ್ಕೆ ಹೊಸ ಪದ ಹೊರಡಿಸಲು ಹೋಗದೆ, ಬಲಗಡೆಯ ಕೆಳಮೂಲೆಯಲ್ಲಿ ಎರಡು ಪದಗಳ ಬಾಲ ಸೇರಿಸಿ. ಅಡ್ಡಕ್ಕೆ ಹಗಲು, ಉದ್ದಕ್ಕೆ ಬಾಗಿಲು. ಇಬ್ಬರಿಗೂ ಒಂದೇ ‘ಲು’.