ತೊನ್ನಿರುವ ಗೊಂಬೆ ಮನೆಯಲ್ಲೇ ಮಾಡಿ
ತೊನ್ನಿರುವ ಬಾರ್ಬಿ 2020ರಲ್ಲೇ ಬಂದಿದೆ, ಆಟಿಕೆ ಕಂಪನಿ ಮ್ಯಾಟೆಲ್‌ನ ಫ್ಯಾಷನಿಸ್ಟಾಸ್ ಸಾಲಿನಲ್ಲಿ. ಅಂಗಡಿಯಲ್ಲಿ ಸಿಗದಿದ್ದರೆ ಬಟ್ಟೆ ಗೊಂಬೆ ಮಾಡಿ, ಕಷ್ಟವೇನಿಲ್ಲ. ಮೈಗೆ ಕಂದು ಹತ್ತಿ ಬಟ್ಟೆ, ಮಚ್ಚೆಗಳಿಗೆ ಕೆನೆ ಬಣ್ಣದ ತುಂಡುಗಳು. ಸುಮ್ನೆ ದುಂಡಗೆ ಚುಕ್ಕಿ ಹೊಲಿದರೆ ತೊನ್ನಿನಂತೆ ಕಾಣುವುದಿಲ್ಲ. ಅಂಚು ಅಂಕುಡೊಂಕಾಗಿರಲಿ, ಮತ್ತು ತೊನ್ನು ಸಾಮಾನ್ಯವಾಗಿ ಎರಡೂ ಬದಿಗೆ ಬರುವುದರಿಂದ ಕಣ್ಣು, ಬಾಯಿಯ ಸುತ್ತ, ಕೈಬೆರಳು, ಮಂಡಿಗಳ ಮೇಲೆ ಹೆಚ್ಚುಕಮ್ಮಿ ಜೋಡಿಯಾಗಿ ಇಡಿ. ಕೂದಲಿಗೂ ಒಂದಿಷ್ಟು ಬಿಳಿ ನೂಲು ಸೇರಿಸಿ, ಕೆಲವರಿಗೆ ಅಲ್ಲೂ ಬಣ್ಣ ಹೋಗಿರುತ್ತದೆ. ಚಿಕ್ಕ ಮಕ್ಕಳು ಎಲ್ಲವನ್ನೂ ಬಾಯಿಗಿಡುತ್ತಾರೆ ಅಲ್ವಾ, ಹಾಗಾಗಿ ಗುಂಡಿ ಕಣ್ಣು ಬೇಡ, ದಾರದಲ್ಲೇ ಕಸೂತಿ ಹಾಕಿ. ತೊನ್ನಿರುವ ಮಗುವಿಗೆ ಕೊಡುವಾಗ ‘ನಿನ್ನ ಥರಾನೇ ಇದೆ ನೋಡು’ ಅಂತ ಎಲ್ಲರೆದುರು ಹೇಳಬೇಡಿ, ಮಗುವೇ ಗಮನಿಸಲಿ. ತೊನ್ನಿಲ್ಲದ ಮಕ್ಕಳಿಗೂ ಕೊಡಿ. ‘ಇದು ಅಂಟುತ್ತಾ?’ ಎಂದು ಕೇಳಿದರೆ ಇಲ್ಲ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಅಲ್ಲಿ ಉಳಿದಿಲ್ಲ, ಅಷ್ಟೇ ಅನ್ನಿ.