ಸುಮ್ಮನಿದ್ದಾಗ ಹ್ಯಾಂಗ್ ಆಗುತ್ತಿದ್ದ ಮೆಷಿನ್‌ಗಳಲ್ಲಿ ಲಿನಕ್ಸ್ ಕೂರಿಸಿದ ಬಗೆ

ಮಂಡ್ಯದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಹದಿನಾಲ್ಕು ಹಳೇ ಮೆಷಿನ್‌ಗಳಲ್ಲಿ ಈಗ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಓಡುತ್ತಿದೆ. ಮೂರು ತಿಂಗಳ ಮೇಲಾಯಿತು, ಒಂದೂ ಹ್ಯಾಂಗ್ ಆಗಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ಇವನ್ನೆಲ್ಲ ಗುಜರಿಗೆ ಹಾಕಿ ಅಂತ ಇಬ್ಬರು ಸರ್ವಿಸ್‌ನವರು ಹೇಳಿ ಹೋಗಿದ್ದರು. ಅವರಲ್ಲೊಬ್ಬರು ಲಿನಕ್ಸ್ ಹಾಕಿಯೂ ನೋಡಿದ್ದರು. ಅರ್ಧದಲ್ಲೇ ಹ್ಯಾಂಗ್ ಆಗಿದ್ದಕ್ಕೆ ‘ಈ ಬೋರ್ಡಿಗೆ ಲಿನಕ್ಸ್ ಒಗ್ಗಲ್ಲ’ ಅಂತ ಕೈಬಿಟ್ಟರು. ಒಗ್ಗುತ್ತೆ. ಐಎಸ್‌ಒ, ಅಂದರೆ ಇನ್‌ಸ್ಟಾಲ್ ಫೈಲು, ಇಳಿಸೋದು, ಪೆನ್‌ಡ್ರೈವ್‌ನಿಂದ ಬೂಟ್ ಮಾಡೋದು ನಿಮಗೆಲ್ಲ ಗೊತ್ತಿರುವ ಕೆಲಸ, ಅದನ್ನು ಬಿಟ್ಟು ಮುಂದಿನದಷ್ಟೇ ಬರೆಯುತ್ತೇನೆ.

ಹ್ಯಾಂಗ್ ಆದ ತಕ್ಷಣ ಪವರ್ ಬಟನ್ ಒತ್ತಬೇಡಿ. ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಜೀವಂತ ಇದೆ, ಕೈಕೊಟ್ಟಿರೋದು ಡಿಸ್‌ಪ್ಲೇ ಇಲ್ಲವೇ ಇನ್‌ಸ್ಟಾಲರ್. ಕಂಟ್ರೋಲ್-ಆಲ್ಟ್-ಎಫ್2 ಒತ್ತಿದರೆ ಕಪ್ಪು ಕನ್ಸೋಲ್ ಸಿಗುತ್ತೆ, ಅಲ್ಲಿ ಕರ್ನಲ್‌ನ ಸಂದೇಶ ತೋರಿಸುವ ಡಿಎಂಇಎಸ್‌ಜಿ ಕಮಾಂಡ್ ಕೊಟ್ಟು ಕೊನೆಯ ಇಪ್ಪತ್ತು ಸಾಲು ಓದಿ. ದೀಪ ತಾನಾಗಿಯೇ ಮಿಟುಕುತ್ತಿದ್ದರೆ ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ಲೇ ದೊಡ್ಡ ಎರರ್ ಕಂಡು ನಿಂತಿದೆ. ಒತ್ತಿದರೂ ಕದಲದಿದ್ದರೆ ಇಡೀ ಮೆಷಿನ್ ಸತ್ತಿದೆ. ಆಗ ಕಾರಣವನ್ನು ಬಹುಮಟ್ಟಿಗೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಕರೆಂಟ್ ಇವುಗಳಲ್ಲೇ ಹುಡುಕಬೇಕು. ಬೂಟ್ ಸಾಲಿನಲ್ಲಿರುವ (ಅದನ್ನು ತೆರೆಯುವ ಬಗೆ ಮುಂದಿದೆ), ಸಂದೇಶಗಳನ್ನು ಮುಚ್ಚಿ ಲೋಗೋ ತೋರಿಸುವ ಕ್ವಯಟ್, ಸ್ಪ್ಲಾಶ್ ಎರಡೂ ಪದ ಅಳಿಸಿಯೇ ಬೂಟ್ ಮಾಡಿ. ಲೋಗೋ ನೋಡಿಕೊಂಡು ಕೂತರೆ ಏನೂ ತಿಳಿಯಲ್ಲ.

ನಮ್ಮ ಹದಿನಾಲ್ಕರಲ್ಲಿ ಒಂಬತ್ತು ಸೆಲೆರಾನ್ ಜೆ1900 ಬೋರ್ಡಿನವು, ಪ್ರೊಸೆಸರ್ ಬೋರ್ಡಿಗೇ ಬೆಸೆದಿರುವ ಬೇ ಟ್ರೇಲ್ ಪೀಳಿಗೆ. ನಿಜವಾದ ಕಾಟ ಇವುಗಳದ್ದೇ. ಒಮ್ಮೆ ಲೈವ್ ಡೆಸ್ಕ್‌ಟಾಪ್ ಬಂದ ಎರಡೇ ನಿಮಿಷಕ್ಕೆ ನಿಲ್ಲುತ್ತಿತ್ತು, ಒಮ್ಮೆ ಊರು ಆರಿಸುವ ಭೂಪಟದ ಪುಟದಲ್ಲಿ, ಒಮ್ಮೆ ಎಲ್ಲಾ ಮುಗಿದು ‘ರೀಸ್ಟಾರ್ಟ್ ಮಾಡಿ’ ಅನ್ನುವ ಹೊತ್ತಿಗೆ. ಮೌಸ್ ಅಲ್ಲಾಡಲ್ಲ, ಮೂಲೆಯ ಗಡಿಯಾರ ಓಡಲ್ಲ, ಕ್ಯಾಪ್ಸ್ ಲಾಕ್ ದೀಪ ಕದಲಲ್ಲ. ಐಎಸ್‌ಒ ಮೂರು ಸಲ ಹೊಸದಾಗಿ ಇಳಿಸಿದೆ, ಚೆಕ್‌ಸಮ್ ಸರಿ ಇತ್ತು, ಅಂದರೆ ಫೈಲು ಕೆಟ್ಟಿರಲಿಲ್ಲ. ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಿದೆ, 750 ರೂಪಾಯಿ ದಂಡ. ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿ ಎಸ್‌ಎಸ್‌ಡಿ ಹಾಕಿದೆ, ಒಂದಕ್ಕೆ ಸುಮಾರು 1,700 ಬಿತ್ತು. ವೇಗಕ್ಕೆ ಅದು ಹೇಗೂ ಬೇಕಿತ್ತು, ಹ್ಯಾಂಗ್‌ಗೆ ಮದ್ದಾಗಲಿಲ್ಲ.

ಸುಳಿವು ಸಿಕ್ಕಿದ್ದು ಫೈಲ್ ಕಾಪಿ ಆಗುವಾಗ. ಎರಡು ಬೋರ್ಡು ಬಿಟ್ಟರೆ (ಅವುಗಳ ಕಥೆ ಮುಂದಿದೆ) ಜೋರಾಗಿ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲಿ ಒಮ್ಮೆಯೂ ನಿಲ್ಲುತ್ತಿರಲಿಲ್ಲ, ಸುಮ್ಮನೆ ನಮ್ಮ ಉತ್ತರಕ್ಕೆ ಕಾಯುತ್ತಿರುವಾಗಲೇ ನಿಲ್ಲುತ್ತಿತ್ತು. ಬಿಸಿಯಿಂದಲೋ ಕರೆಂಟ್ ಸಾಲದೆಯೋ ಆಗಿದ್ದರೆ ಇದು ಉಲ್ಟಾ ಇರಬೇಕಿತ್ತು. ಪರೀಕ್ಷೆಗೆ ಅಂತ ಲೈವ್ ಡೆಸ್ಕ್‌ಟಾಪಿನಲ್ಲಿ ನಾಲ್ಕು ಟರ್ಮಿನಲ್ ತೆರೆದು ನಾಲ್ಕರಲ್ಲೂ ಒಂದೇ ಅಕ್ಷರವನ್ನು ನಿಲ್ಲದೆ ಬರೆಯುತ್ತಲೇ ಇರುವ ಯೆಸ್ ಕಮಾಂಡ್ ಓಡಿಸಿ, ಔಟ್‌ಪುಟ್ ಡೆವ್-ನಲ್‌ಗೆ, ಅಂದರೆ ಕಸದ ಬುಟ್ಟಿಗೆ, ಕಳಿಸಿದೆ. ನಾಲ್ಕು ಕೋರೂ ನೂರು ಪರ್ಸೆಂಟ್. ಭೂಪಟದ ಪುಟದಲ್ಲಿ ಒಂದೂವರೆ ಗಂಟೆ ಬಿಟ್ಟೆ, ನಿಲ್ಲಲಿಲ್ಲ. ನಾಲ್ಕನ್ನೂ ಮುಚ್ಚಿದೆ, ಸುಮಾರು ಹತ್ತು ನಿಮಿಷಕ್ಕೆ ಮೆಷಿನ್ ಸತ್ತಿತು. ಕೆಲಸವಿಲ್ಲದಾಗ ಪ್ರೊಸೆಸರ್ ಗಾಢ ನಿದ್ದೆಗೆ, ಅಂದರೆ ಆಳದ ಸಿ-ಸ್ಟೇಟ್‌ಗೆ ಇಳಿಯುತ್ತೆ. ಅಲ್ಲಿಂದ ಏಳಲಾಗದೆ ಅಲ್ಲೇ ಉಳಿಯುವುದು ಬೇ ಟ್ರೇಲ್‌ನ ಹೆಸರಾಂತ ತೊಂದರೆ. ಹೊಸ ಕರ್ನಲ್‌ನಲ್ಲಿ ಸರಿಹೋಗಿದೆ ಅಂತ ಹೇಳುವವರಿದ್ದಾರೆ, ನನ್ನ ಕೈಯಲ್ಲಿದ್ದ ಒಂಬತ್ತರಲ್ಲಂತೂ ಹೋಗಿರಲಿಲ್ಲ.

ಮದ್ದು ಒಂದೇ ಪದ. ಪೆನ್‌ಡ್ರೈವ್‌ನ ಗ್ರಬ್ ಮೆನುವಿನಲ್ಲಿ, ಅಂದರೆ ಬೂಟ್ ಶುರುವಾಗುವಾಗ ಬರುವ ಪಟ್ಟಿಯಲ್ಲಿ, ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನಲ್ಲಿ ಕ್ವಯಟ್, ಸ್ಪ್ಲಾಶ್ ಇದ್ದ ಜಾಗಕ್ಕೆ ಇದನ್ನು ಹಾಕಿ. ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆಯುತ್ತೇನೆ: ಇಂಟೆಲ್, ಅಂಡರ್‌ಸ್ಕೋರ್, ಐಡಲ್, ಚುಕ್ಕೆ, ಮ್ಯಾಕ್ಸ್, ಅಂಡರ್‌ಸ್ಕೋರ್, ಸಿಸ್ಟೇಟ್, ಈಕ್ವಲ್ ಟು, 1. ಎಲ್ಲಾ ಸಣ್ಣಕ್ಷರ, ನಡುವೆ ಎಲ್ಲೂ ಜಾಗ ಬಿಡಬಾರದು, ಸಿಸ್ಟೇಟ್‌ನ ಸಿ ಮತ್ತು ಸ್ಟೇಟ್ ನಡುವೆ ಅಡ್ಡಗೆರೆಯೂ ಇಲ್ಲ. ಎಫ್10 ಒತ್ತಿ ಬೂಟ್ ಮಾಡಿ. ಒಂಬತ್ತರಲ್ಲಿ ಏಳು ಮೊದಲ ಪ್ರಯತ್ನಕ್ಕೇ ಇನ್‌ಸ್ಟಾಲ್ ಮುಗಿಸಿದವು.

ಇಲ್ಲೇ ಹಲವರು ಎಡವುತ್ತಾರೆ. ಪೆನ್‌ಡ್ರೈವ್‌ಗೆ ಕೊಟ್ಟ ಪದ ಡಿಸ್ಕ್‌ಗೂ ಹೋಗಿರುತ್ತೆ ಅಂತ ನಂಬಬೇಡಿ. ಡಿಸ್ಕ್‌ನಿಂದ ಮೊದಲ ಬೂಟ್ ಆಗುವಾಗ ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಇದ್ದರೆ ಎಸ್ಕೇಪ್, ಹಳೇ ಬಯಾಸ್ ಆದರೆ ಶಿಫ್ಟ್ ಒತ್ತಿ ಗ್ರಬ್ ಮೆನು ತರಿಸಿ, ಅದೇ ಪದ ಮತ್ತೆ ಹಾಕಿ. ಒಳಗೆ ಹೋದ ಮೇಲೆ ಇಟಿಸಿ, ಡೀಫಾಲ್ಟ್ ಅಡಿಯಲ್ಲಿರುವ ಗ್ರಬ್ ಫೈಲಿನಲ್ಲಿ, ಗ್ರಬ್-ಸಿಎಂಡಿಲೈನ್-ಲಿನಕ್ಸ್-ಡೀಫಾಲ್ಟ್ ಅಂತ ಶುರುವಾಗುವ ಸಾಲಿನ ಉದ್ಧರಣ ಚಿಹ್ನೆಯ ಒಳಗೆ ಸೇರಿಸಿ ಅಪ್‌ಡೇಟ್-ಗ್ರಬ್ ಓಡಿಸಿ. ಇಷ್ಟಾದರೆ ಖಾಯಂ.

ಇದಕ್ಕೆ ತೆರುವ ಬೆಲೆ ಬಿಸಿ. ಜೆ1900 ಹತ್ತು ವಾಟ್‌ನ ಚಿಪ್, ನಮ್ಮ ಬೋರ್ಡುಗಳಲ್ಲಿ ಅದಕ್ಕೆ ಫ್ಯಾನೂ ಇಲ್ಲ. ಸುಮ್ಮನಿದ್ದಾಗಿನ ಉಷ್ಣಾಂಶ ಆರೇಳು ಡಿಗ್ರಿ ಏರಿತು. ಹೀಟ್‌ಸಿಂಕ್‌ನ ಸಂದಿಯ ದೂಳನ್ನು ಬ್ರಷ್‌ನಿಂದ ತೆಗೆದು, ಹೊಸ ಪೇಸ್ಟ್ ಹಚ್ಚಿದ ಮೇಲೆ ಬೇಸಿಗೆಯ ಮಧ್ಯಾಹ್ನವೂ ಓಡಿದವು. ಬಯಾಸ್‌ನಲ್ಲಿ ಇನ್ನೊಂದು ಸೆಟ್ಟಿಂಗ್ ಸೇರಿಸಿ ಈ ಬಿಸಿಯನ್ನೂ ಅರ್ಧಕ್ಕೆ ಇಳಿಸಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳಲ್ಲ, ಬೋರ್ಡ್ ನೋಡದೆ ಮುಟ್ಟಿದರೆ ಡಿಸ್‌ಪ್ಲೇಯೇ ಬರಲ್ಲ.

ಉಳಿದ ಎರಡು ಜೆ1900 ಕೆಲಸ ಮಾಡುತ್ತಿದ್ದಾಗಲೂ ನಿಲ್ಲುತ್ತಿದ್ದವು, ಒಮ್ಮೆ 30 ಪರ್ಸೆಂಟ್‌ಗೆ, ಒಮ್ಮೆ 80ಕ್ಕೆ. ನನ್ನ ಲೆಕ್ಕ ಹೀಗೆ: ಪ್ರತಿ ಸಲ ಒಂದೇ ಪರ್ಸೆಂಟ್‌ನಲ್ಲಿ ನಿಂತರೆ ಪೆನ್‌ಡ್ರೈವ್‌ನ ಫೈಲು ಅಥವಾ ಡಿಸ್ಕ್ ನೋಡಿ, ಸಲಕ್ಕೊಂದು ಕಡೆ ನಿಂತರೆ ರ‍್ಯಾಮ್ ನೋಡಿ. ತಪ್ಪು ನನ್ನದೇ. ಮೈಸೂರಿನಿಂದ ಸೆಕೆಂಡ್‌ಹ್ಯಾಂಡ್ 4 ಜಿಬಿ ರ‍್ಯಾಮ್ ಐದು ತಂದಿದ್ದೆ, ಒಂದಕ್ಕೆ 450ರಂತೆ. ಸ್ಟಿಕ್ಕರ್‌ನಲ್ಲಿ ಪಿಸಿ3 ಅಂತಿತ್ತು. ಈ ಬೋರ್ಡಿಗೆ ಬೇಕಿರೋದು ಪಿಸಿ3ಎಲ್, ಅಂದರೆ 1.5 ಅಲ್ಲ, 1.35 ವೋಲ್ಟಿನದು. ಎಲ್ ಅನ್ನುವ ಒಂದೇ ಅಕ್ಷರದ ವ್ಯತ್ಯಾಸ, ಮೆಷಿನ್ನೂ ಬೂಟ್ ಆಗುತ್ತೆ, ಅದಕ್ಕೇ ಮೋಸಹೋದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್‌ನಲ್ಲಿ ಹದಿನೈದು ನಿಮಿಷಕ್ಕೆ ಕೆಂಪು ಸಾಲುಗಳು ಬಂದವು. 6ನೇ ಆವೃತ್ತಿಯಿಂದ ಮೆಮ್‌ಟೆಸ್ಟ್86 ಪ್ಲಸ್ ಯುಇಎಫ್‌ಐನಲ್ಲೂ ಬೂಟ್ ಆಗುತ್ತೆ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರಿ. ಐದನ್ನೂ ಬದಿಗಿಟ್ಟು ಸರಿಯಾದ್ದು ತಂದೆ, ತಲಾ 600.

ಮೂರು ಲ್ಯಾಪ್‌ಟಾಪ್‌ಗಳ ಕಥೆ ಬೇರೆ, ಆನ್‌ಬೋರ್ಡ್ ಒಂದು, ಎನ್‌ವಿಡಿಯಾ ಒಂದು ಅಂತ ಎರಡೆರಡು ಗ್ರಾಫಿಕ್ಸ್ ಇರುವಂಥವು. ಎಲ್ಲರೂ ಹೇಳೋದು ಬೂಟ್ ಸಾಲಿಗೆ ನೋಮೋಡ್‌ಸೆಟ್ ಅನ್ನುವ ಪದ ಹಾಕಿ ಅಂತ. ಅದು ಇನ್‌ಸ್ಟಾಲ್ ದಾಟಿಸುತ್ತೆ, ಆದರೆ ಎರಡೂ ಗ್ರಾಫಿಕ್ಸ್‌ಗೆ ಕಡಿವಾಣ ಬಿದ್ದು ಅಕ್ಷರಗಳು ದಪ್ಪಗಾಗುತ್ತವೆ, ಬ್ರೈಟ್‌ನೆಸ್ ಕೀ ಕೆಲಸ ಮಾಡಲ್ಲ. ಅದರ ಬದಲು ಎನ್‌ವಿಡಿಯಾ ಚಿಪ್ ನಡೆಸುವ ನೌವೋ ಡ್ರೈವರ್ ಒಂದನ್ನೇ ಮಲಗಿಸಿ: ಎನ್‌ಒಯುವಿಇಎಯು, ಚುಕ್ಕೆ, ಮೋಡ್‌ಸೆಟ್, ಈಕ್ವಲ್ ಟು, ಸೊನ್ನೆ. ಆನ್‌ಬೋರ್ಡ್ ಗ್ರಾಫಿಕ್ಸ್ ಪೂರ್ತಿ ರೆಸಲ್ಯೂಷನ್‌ನಲ್ಲಿ ಓಡುತ್ತೆ. ಮಿಕ್ಕ ಎರಡು ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಡಿಎಂಇಎಸ್‌ಜಿ ತುಂಬ ಎಟಿಎ (ಡಿಸ್ಕ್ ಸಂಪರ್ಕದ) ಎರರ್, ಡಿಸ್ಕ್ ತನ್ನ ಆರೋಗ್ಯ ಬರೆದಿಡುವ ಸ್ಮಾರ್ಟ್ ಪಟ್ಟಿಯ 199 ನಂಬರಿನ ಸಾಲಿನ ಸಿಆರ್‌ಸಿ ಎಣಿಕೆ ಏರುತ್ತಲೇ ಇತ್ತು. 70 ರೂಪಾಯಿಯ ಸಾಟಾ ಕೇಬಲ್ ಬದಲಿಸಿದೆ, ಎಣಿಕೆ ಅಲ್ಲೇ ನಿಂತಿತು.

ಇನ್ನೊಂದು, ನಿಜವಾದ ಹ್ಯಾಂಗ್ ಅಲ್ಲ, ಹಾಗೆ ಕಾಣುತ್ತೆ ಅಷ್ಟೆ. ಭಾಷೆ ಕನ್ನಡ ಅಂತ ಆರಿಸಿದರೆ ಇನ್‌ಸ್ಟಾಲರ್ ಕೊನೆಯಲ್ಲಿ ಭಾಷಾ ಪ್ಯಾಕ್ ಇಳಿಸಲು ಹೊರಡುತ್ತೆ. ನೆಟ್ ನಿಧಾನ ಇದ್ದರೆ ಗಂಟೆಗಟ್ಟಲೆ ಅಲ್ಲೇ. ನೆಟ್ ಕೇಬಲ್ ಕಿತ್ತಿಟ್ಟು ಇನ್‌ಸ್ಟಾಲ್ ಮಾಡಿ, ಪ್ಯಾಕ್ ಆಮೇಲೆ ಹಾಕಿ. ಟೈಪಿಂಗ್‌ಗೆ ಐಬಸ್ ಎಂ17ಎನ್ ಅನ್ನುವ ಟೈಪಿಂಗ್ ಸಾಧನದಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ) ಆರಿಸಿಕೊಟ್ಟೆ, ನುಡಿ ಸಾಫ್ಟ್‌ವೇರಿನಲ್ಲಿ ಪಳಗಿದ ಕೈಗಳಿಗೆ ತೊಡಕಾಗಲಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳೂ ಬಂದವು. ಹಳೇ ಆಸ್ಕಿ ನುಡಿ ಫೈಲುಗಳನ್ನು ಮಾತ್ರ ಯುನಿಕೋಡ್‌ಗೆ ಬದಲಿಸಿಯೇ ತೆರೆಯಬೇಕು.

ದಂಡವೂ ಸೇರಿ ಸಾಮಾನಿಗೆ ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಆಸುಪಾಸು. ಹೊಸ ಮೆಷಿನ್‌ಗಳಿಗೆ ಬಂದಿದ್ದ ಕೊಟೇಷನ್ ಮೂರೂವರೆ ಲಕ್ಷ.

ಒಪ್ಪಿಸುವ ಮುಂಚೆ ಪ್ರತಿ ಮೆಷಿನ್ನನ್ನೂ ಎರಡು ರಾತ್ರಿ ಆನ್ ಮಾಡಿ, ಏನೂ ಓಡಿಸದೆ, ಸ್ಲೀಪ್ ಆಫ್ ಮಾಡಿ ಬಿಟ್ಟಿದ್ದೆ. ನೀವೂ ವಿಡಿಯೋ ಓಡಿಸಿ ಪರೀಕ್ಷೆ ಮಾಡಬೇಡಿ, ಸುಮ್ಮನೆ ಬಿಡಿ. ಬೆಳಿಗ್ಗೆ ಗಡಿಯಾರದ ಸೆಕೆಂಡು ಓಡುತ್ತಿರಬೇಕು. ನಿಂತಿದ್ದರೆ ರೀಸ್ಟಾರ್ಟ್ ಮಾಡಿ, ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟ್‌ನ ದಾಖಲೆ ತೆಗೆಯಿರಿ. ಎರರ್ ಒಂದೂ ಇಲ್ಲದೆ, ನಡುರಾತ್ರಿಯ ಮಾಮೂಲಿ ಸಾಲೊಂದಕ್ಕೆ ದಾಖಲೆ ತಟ್ಟನೆ ಮುಗಿದಿದ್ದರೆ, ಗ್ರಬ್ ಫೈಲಿನ ಆ ಪದದಲ್ಲಿ ಅಕ್ಷರ ತಪ್ಪಿದೆಯಾ ಅಂತ ಮೊದಲು ನೋಡಿ. ನನ್ನ ಹದಿನಾಲ್ಕರಲ್ಲಿ ಒಂದಕ್ಕೆ ಹಾಗೇ ಆಗಿತ್ತು, ಸಿಸ್ಟೇಟ್‌ನ ಸಿ ಮತ್ತು ಸ್ಟೇಟ್ ನಡುವೆ ಅಡ್ಡಗೆರೆ ಬಿದ್ದಿತ್ತು.